ಎಡ ಭುಜ ಅರ್ಧ ಇಂಚು

ಊರಿನ ದೊಡ್ಡ ಅಂಗಡಿಬೀದಿಯ ಬೆನ್ನಿಗೇ ಅಂಟಿಕೊಂಡಂತಿದೆ ನಮ್ಮ ಬೀದಿ. ಆ ಕಡೆ ಜನ ಒಬ್ಬರ ಹೆಗಲು ಒಬ್ಬರಿಗೆ ತಾಗಿಸಿಕೊಂಡೇ ನಡೆಯಬೇಕು. ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಗಡಿಯಾರದ ಅಂಗಡಿ, ಒಂದೊಂದು ಬಾಗಿಲಿನಿಂದಲೂ ಒಂದೊಂದು ಹಾಡು, ಅದರ ಮೇಲೆ ಬಸ್ಸುಗಳ ಹಾರನ್ನು. ಮೂಲೆಯ ಔಷಧಿ ಅಂಗಡಿ ದಾಟಿ ಎಡಕ್ಕೆ ತಿರುಗಿ ಇಪ್ಪತ್ತು ಹೆಜ್ಜೆ ಹಾಕಿದರೆ, ಯಾರೋ ಬಾಗಿಲು ಎಳೆದುಕೊಂಡ ಹಾಗೆ ಸದ್ದೆಲ್ಲ ಹಿಂದೆ ಉಳಿದುಬಿಡುತ್ತದೆ. ಎರಡು ಬದಿಗೆ ಏಳೇಳು ಮನೆ. ಎತ್ತರದ ಗೇಟು, ಗೇಟಿನೊಳಗೆ ಕತ್ತರಿಸಿ ನಿಲ್ಲಿಸಿದ ಗಿಡ, ಗಿಡದ ಹಿಂದೆ ಪರದೆ ಎಳೆದ ಕಿಟಕಿ. ಇಲ್ಲಿ ನಾಯಿಗಳು ಕೂಡ ಕಾರಣವಿಲ್ಲದೆ ಬೊಗಳುವುದಿಲ್ಲ. ನಾನು ಈ ಬೀದಿಗೆ ಬಂದು ಹದಿನೇಳು ವರ್ಷವಾಯಿತು. ಎದುರು ಮನೆಯವರು ಏನು ಕೆಲಸ ಮಾಡುತ್ತಾರೆಂದು ತಿಳಿಯಲಿಕ್ಕೇ ಅದರಲ್ಲಿ ಆರು ವರ್ಷ ಹೋಯಿತು.

ಈ ಬೀದಿಯ ಹನ್ನೊಂದನೇ ಮನೆ ಕಣ್ಣಿನ ಡಾಕ್ಟರದು. ಆ ಮನೆಯ ಕಾರ್ ಶೆಡ್ಡಿನಲ್ಲಿ ಈಗ ಅರ್ಧಿಂಚಕ್ಕ ಕೂತಿರುತ್ತಾರೆ. ನಲವತ್ತೇಳು ವರ್ಷ, ಗಿಡ್ಡ ಆಳು, ಕೊರಳಲ್ಲಿ ಅಳತೆಯ ಟೇಪು, ದಾರ ಕಟ್ಟಿ ಎದೆಗೆ ಇಳಿಬಿಟ್ಟ ಕನ್ನಡಕ. ಆಕೆ ಹೊಸ ಬಟ್ಟೆ ಹೊಲಿಯುವವರಲ್ಲ. ಯಾರೋ ಹೊಲಿದದ್ದನ್ನು ಬಿಚ್ಚಿ ಸರಿಮಾಡುವವರು. ಅಂಗಡಿಯಲ್ಲಿ ಆಸೆಪಟ್ಟು ಕೊಂಡ ಬಟ್ಟೆಯನ್ನು ಮನೆಗೆ ತಂದು ಕನ್ನಡಿ ಮುಂದೆ ಹಾಕಿಕೊಂಡಾಗ ಮುಖ ಸಪ್ಪಗಾಗುತ್ತದಲ್ಲ, ಆ ಸಪ್ಪೆ ಮುಖಗಳೇ ಆಕೆಯ ಗಿರಾಕಿಗಳು. ಆಕೆ ಇಲ್ಲಿಗೆ ಹೇಗೆ ಬಂದರು, ಬಂದವರನ್ನು ನಾವು ಹೇಗೆ ಓಡಿಸಲು ನೋಡಿದೆವು ಎಂಬುದನ್ನು ಹೇಳುತ್ತೇನೆ. ಹೆಚ್ಚಿನದೆಲ್ಲ ಆಕೆಯೇ, ನನ್ನ ಪ್ಯಾಂಟಿನ ಕಾಲು ಮಡಿಸುತ್ತ ಕೂತಾಗ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದ್ದು.

ಅಂಗಡಿಬೀದಿಯಲ್ಲಿ ನಾಲ್ಕು ಮಹಡಿಯ ಒಂದು ಬಟ್ಟೆ ಅಂಗಡಿ ಇದೆ. ಅದರ ನೆಲಮಾಳಿಗೆಯಲ್ಲಿ ಅಕ್ಕ ಹತ್ತೊಂಬತ್ತು ವರ್ಷ ಕೆಲಸ ಮಾಡಿದರು. ಕಿಟಕಿಯಿಲ್ಲದ ಕೋಣೆ, ಟ್ಯೂಬ್‌ಲೈಟಿನ ಬೆಳಕು, ಮೂರು ಜನ. ಅಕ್ಕ ಬಿಚ್ಚುವುದಕ್ಕೂ ಹೊಲಿಯುವುದಕ್ಕೂ. ಕಾಜಣ್ಣ ಎಂಬ ವಯಸ್ಸಾದವರು ಗುಂಡಿ ಹಾಕಲು ಮತ್ತು ಕಾಜಾ ತೆಗೆಯಲು. ಗುಂಡಿ ತೂರುವ ಆ ಸೀಳನ್ನು ಅವರಷ್ಟು ಅಚ್ಚುಕಟ್ಟಾಗಿ ಹೊಲಿಯುವವರು ಊರಿನಲ್ಲೇ ಇರಲಿಲ್ಲವಂತೆ. ಇಸ್ತ್ರಿಗೆ ಇನ್ನೊಬ್ಬ ಹೆಂಗಸು. ಮೇಲಿನ ಮಹಡಿಗಳಿಂದ ಬಟ್ಟೆ ಇಳಿಸಲು ಗೋಡೆಯಲ್ಲಿ ಒಂದು ಪುಟ್ಟ ಲಿಫ್ಟು. ಗಂಟೆ ಬಾರಿಸಿದರೆ ಬಟ್ಟೆ ಬಂತು ಎಂದರ್ಥ. ಅದಕ್ಕೆ ಗುಂಡುಸೂಜಿ ಚುಚ್ಚಿರುತ್ತಿದ್ದರು, ಜೊತೆಗೊಂದು ಚೀಟಿ: ಸೊಂಟ ಒಂದು ಇಂಚು ಒಳಗೆ, ಕಾಲು ಎರಡು ಇಂಚು ಮೇಲೆ.

"ಅಷ್ಟು ವರ್ಷ ನಾನು ಜನರನ್ನ ನೋಡ್ಲೇ ಇಲ್ಲ. ಅವರ ಸೂಜಿ ಮಾತ್ರ ನೋಡ್ದೆ" ಎಂದು ಅಕ್ಕ ಹೇಳುತ್ತಾರೆ. "ಆದ್ರೆ ಸೂಜಿ ಎಲ್ಲ ಹೇಳುತ್ತೆ. ಸೊಂಟದ ಹತ್ರ ಸೂಜಿ ತೀರಾ ಬಿಗಿಯಾಗಿದ್ರೆ, ಆವಯ್ಯ ಹೊಟ್ಟೆ ಒಳಗೆ ಎಳ್ಕೊಂಡು ನಿಂತಿದ್ದ ಅಂತ ಲೆಕ್ಕ. ಚೀಟಿಲಿ ಒಂದು ಇಂಚು ಅಂತಿದ್ರೂ ನಾನು ಮುಕ್ಕಾಲೇ ಹಿಡೀತಿದ್ದೆ. ಮನೆಗೆ ಹೋದ್ಮೇಲೆ ಉಸಿರು ಬಿಡ್ಬೇಕಲ್ಲ, ಪಾಪ."

ಆ ಚೀಟಿಗಳಲ್ಲಿ ಒಂದು ಚೀಟಿ ವರ್ಷಕ್ಕೆರಡು ಸಲ ಬರುತ್ತಿತ್ತು. ಒಳ್ಳೆಯ ಬಟ್ಟೆಯ ಕೋಟು, ಯಾವಾಗಲೂ ಬೂದು ಇಲ್ಲವೇ ಕಡುನೀಲಿ, ಹೆಚ್ಚುಕಡಿಮೆ ಅದೇ ಅಳತೆ. ಚೀಟಿಯಲ್ಲಿ ಬರೆದಿರುತ್ತಿದ್ದುದು ಇಷ್ಟೇ: ಎಡ ಭುಜ ಅರ್ಧ ಇಂಚು ತಗ್ಗು. ಅಂಥ ಕೋಟಿಗೆ ಎಡ ಭುಜದ ಒಳಗೆ ಇನ್ನೊಂದು ಪದರ ಹತ್ತಿ ಕೂರಿಸಿ, ಎಡ ತೋಳನ್ನು ಅಷ್ಟೇ ಗಿಡ್ಡ ಮಾಡಿದರೆ ಕೆಲಸ ಮುಗಿಯಿತು. ಅಕ್ಕ ಅಲ್ಲಿಗೆ ಬಿಡುತ್ತಿರಲಿಲ್ಲ. ಕಾಲರನ್ನೂ ಬಿಚ್ಚಿ ಎಡಗಡೆ ಒಂದೆಳೆ ಮೇಲೆತ್ತಿ ಹೊಲಿಯುತ್ತಿದ್ದರು. ಹಾಗೆ ಮಾಡಿದರೆ ನೋಡುವವರ ಕಣ್ಣು ಭುಜದ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ಇದನ್ನು ಮಾಡು ಎಂದು ಯಾರೂ ಹೇಳಿರಲಿಲ್ಲ, ಮಾಡಿದ್ದು ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು. ಅಕ್ಕನ ಗಂಡ ಸಿಟಿ ಬಸ್ಸಿನ ಡ್ರೈವರು, ಮಾತಿಗೆ ಬರವಿಲ್ಲದ ಮನುಷ್ಯ. ಸಂಜೆ ಮನೆಗೆ ಬಂದರೆ ಮೊದಲು ಕೇಳುತ್ತಿದ್ದುದು, "ಏನೇ, ನಿನ್ನ ವಾರೆಭುಜ ಬಂದಿದ್ನಾ ಇವತ್ತು?"

"ಬಂದಿದ್ದ ಕಣ್ರೀ. ಈ ಸಲ ನೀಲಿ."

"ಚೆನ್ನಾಗಿದಾನಂತಾ?"

"ಸ್ವಲ್ಪ ಹೊಟ್ಟೆ ಬಂದಿದೆ."

ಹತ್ತೊಂಬತ್ತನೇ ವರ್ಷದಲ್ಲಿ ಒಂದು ದಿನ ಮೂವರನ್ನೂ ಮೇಲಕ್ಕೆ ಕರೆದರು. ಗಿರಾಕಿಗಳು ಹತ್ತುವ ಮೆಟ್ಟಿಲನ್ನು ಅವರು ಹತ್ತಿದ್ದು ಅದೇ ಮೊದಲು. ಕಾಜಣ್ಣ ಪಕ್ಕದ ಹಿತ್ತಾಳೆಯ ಕಂಬಿಯನ್ನು ಮುಟ್ಟಿ ಮುಟ್ಟಿ ನೋಡುತ್ತ ಬಂದರಂತೆ. ಮ್ಯಾನೇಜರು ಮೂವರಿಗೂ ಕುರ್ಚಿ ಕೊಟ್ಟು, ಇನ್ನು ಮೇಲೆ ಈ ಕೆಲಸವೆಲ್ಲ ಊರಾಚೆಯ ಕಾರ್ಖಾನೆಗೆ ಹೋಗುತ್ತದೆ, ನೆಲಮಾಳಿಗೆ ಗೋದಾಮಾಗುತ್ತದೆ ಎಂದರು. ಕುರ್ಚಿ ಕೊಟ್ಟಾಗಲೇ ನನಗೆ ಅನುಮಾನ ಬಂತು ಎನ್ನುತ್ತಾರೆ ಅಕ್ಕ.

ಆಮೇಲೆ ಆಕೆಗೆ ಸಿಕ್ಕಿದ್ದು ಒಂದು ಬಟ್ಟೆ ಒಗೆದುಕೊಡುವ ಅಂಗಡಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವ ಕೆಲಸ. ದಿನವಿಡೀ ಹಬೆ, ಮೊಣಕೈವರೆಗೆ ಕೆಂಪಾದ ಚರ್ಮ. ಸೂಜಿ ಹಿಡಿದು ಪಳಗಿದ ಬೆರಳಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ನರ್ಸಿಂಗ್ ಓದುತ್ತಿದ್ದ ಮಗಳು ರಾತ್ರಿ ಊಟವಾದ ಮೇಲೆ ಅಮ್ಮನ ಕೈಗೆ ಮುಲಾಮು ಹಚ್ಚಿ, "ಅಮ್ಮಾ, ನೀನು ನನ್ನ ಮೊದಲನೇ ಪೇಷಂಟು, ಮಾತಾಡದೆ ಕೂತ್ಕೋ" ಎನ್ನುತ್ತಿದ್ದಳಂತೆ. ಅಂಗಡಿಬೀದಿಯ ಆ ತುದಿಯಲ್ಲಿದ್ದ ಈ ಕೆಲಸಕ್ಕೆ ಹೋಗಲು ನಮ್ಮ ಬೀದಿಯೇ ಹತ್ತಿರದ ದಾರಿ. ಬೆಳಗಿನ ಒಂಬತ್ತಕ್ಕೆ ಒಳಹೊಕ್ಕು ಒಂಬತ್ತೂ ಐದಕ್ಕೆ ಹೊರಬೀಳುತ್ತಿದ್ದರು. ಐದು ನಿಮಿಷದ ಆ ನಿಶ್ಶಬ್ದಕ್ಕಾಗಿಯೇ ಬೇರೆ ದಾರಿ ಹಿಡಿಯುತ್ತಿರಲಿಲ್ಲವಂತೆ.

ಹಾಗೆ ಹೋಗುವಾಗ ಒಂದು ದಿನ ಹನ್ನೊಂದನೇ ಮನೆಯ ಗೇಟು ತೆರೆದು, ಬೂದು ಕೋಟು ಹಾಕಿದ ವಯಸ್ಸಾದ ಒಬ್ಬರು ಪೇಪರು ಹಿಡಿದು ಹೊರಗೆ ಬಂದರು. ಅಕ್ಕ ಮುಖ ನೋಡಲಿಲ್ಲ. ಮೊದಲು ಕಂಡದ್ದು ಕೋಟು. ಎಡ ಕಂಕುಳಿನಿಂದ ಓರೆಯಾಗಿ ಎಳೆದ ಎರಡು ಸುಕ್ಕು, ಕತ್ತಿನಿಂದ ದೂರ ನಿಂತ ಕಾಲರು, ಹೆಬ್ಬೆರಳ ಗೆಣ್ಣಿಗೆ ತಾಗುವ ಎಡ ತೋಳು. ಅಕ್ಕನ ಕಾಲು ಅಲ್ಲೇ ನಿಂತುಹೋಯಿತು. ವಾರೆಭುಜ.

ಮಾತಾಡಿಸಲು ಧೈರ್ಯ ಬರಲಿಲ್ಲ. ಮನೆಗೆ ಹೋಗಿ ಹೇಳಿದಾಗ ಗಂಡ ಊಟ ನಿಲ್ಲಿಸಿ ಕೇಳಿದರು, "ನೋಡೋಕೆ ಹೇಗಿದಾನೆ?"

"ಮುಖ ನೋಡ್ಲಿಲ್ಲ."

"ಹನ್ನೊಂದು ವರ್ಷದ ಮೇಲೆ ಎದುರಿಗೆ ಸಿಕ್ಕಿದಾನೆ, ಮುಖ ನೋಡ್ಲಿಲ್ವಾ?"

"ಕೋಟು ಹಾಳು ಮಾಡಿಬಿಟ್ಟಿದಾರೆ ರೀ. ಅದನ್ನ ನೋಡಿ ಕಣ್ಣಿಗೆ ಕಸ ಬಿದ್ದ ಹಾಗಾಯ್ತು."

ಎರಡನೇ ದಿನವೂ ಸುಮ್ಮನೆ ದಾಟಿಹೋದರು. ಮೂರನೇ ದಿನ ತಡೆಯಲಾಗಲಿಲ್ಲ.

"ಸಾರ್, ಒಂದು ನಿಮಿಷ. ತಪ್ಪು ತಿಳ್ಕೋಬೇಡಿ. ಈ ಕೋಟು ನಿಮಗೆ ಸರಿಯಾಗಿ ಕೂತಿಲ್ಲ."

ಡಾಕ್ಟರು ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಯಾರೂ ಇರಲಿಲ್ಲ. "ಯಾವ ಅಂಗಡಿಯವರಮ್ಮಾ ನೀವು?"

"ಯಾವ ಅಂಗಡಿಯವಳೂ ಅಲ್ಲ ಸಾರ್. ನಿಮ್ಮ ಎಡ ಭುಜ ಅರ್ಧ ಇಂಚು ಇಳಿದಿದೆ. ಅದನ್ನ ಹನ್ನೊಂದು ವರ್ಷ ನಾನೇ ಸರಿ ಮಾಡ್ತಿದ್ದೆ. ಇದು ಬೇರೆ ಯಾರೋ ಮಾಡಿರೋದು."

ಡಾಕ್ಟರು ತಮ್ಮ ಭುಜವನ್ನು ಅದು ಇನ್ಯಾರದೋ ಎಂಬಂತೆ ಬಗ್ಗಿ ನೋಡಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು, "ನಾನು ಮುದುಕನಾದೆ ಅಂದ್ಕೊಂಡಿದ್ದೆ. ಎರಡು ವರ್ಷದಿಂದ ಯಾವ ಹೊಸ ಕೋಟು ಹಾಕಿದ್ರೂ ಕನ್ನಡಿಲಿ ಮುದುಕನೇ ಕಾಣ್ತಾನೆ."

"ಅದೂ ಆಗಿರ್ಬಹುದು ಸಾರ್. ಆದ್ರೆ ಕೋಟಿನ ತಪ್ಪು ಬೇರೆ."

ಡಾಕ್ಟರು ಗೇಟನ್ನು ಪೂರ್ತಿ ತೆರೆದರು.

ಜಗಲಿಯ ಕುರ್ಚಿಯಲ್ಲಿ ಕೂತು ಅಕ್ಕ ಕೆಲಸಕ್ಕೆ ಕೈಹಾಕಿದರು. ಡಾಕ್ಟರ ಹೆಂಡತಿ ಸೂಜಿದಾರ, ಬ್ಲೇಡು, ಹಳೆಯದೊಂದು ಕೋಟು ತಂದುಕೊಟ್ಟರು. ಆ ಹಳೇ ಕೋಟಿನ ಭುಜದೊಳಗಿನ ಹತ್ತಿಪದರವನ್ನು ತೆಗೆದು ಇದಕ್ಕೆ ಕೂರಿಸಿ, ತೋಳು ಎತ್ತಿ, ಕಾಲರು ಬಿಚ್ಚಿ ಹೊಲಿಯುವಷ್ಟರಲ್ಲಿ ಒಂದೂ ಕಾಲು ಗಂಟೆ ಆಯಿತು. ಡಾಕ್ಟರು ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ಮುಂದೆ ನೋಡಿದರು, ಪಕ್ಕಕ್ಕೆ ತಿರುಗಿ ನೋಡಿದರು, ಒಳಗೆ ಹೋಗಿ ತಲೆ ಬಾಚಿಕೊಂಡು ಬಂದು ಮತ್ತೆ ನೋಡಿದರು.

"ಕಾಲೇಜಿನಲ್ಲಿದ್ದಾಗ ಸೈಕಲ್ಲಿಂದ ಬಿದ್ದು ಮೂಳೆ ಮುರಿದಿತ್ತು" ಎಂದು ಆಮೇಲೆ ವಿವರ ಕೊಟ್ಟರು.

"ನಲವತ್ತೆರಡು ವರ್ಷ ಸಂಸಾರ ಮಾಡಿದೀನಿ, ನನಗೆ ಕಾಣ್ಲಿಲ್ಲ. ಬೀದಿಲಿ ಹೋಗೋರಿಗೆ ಕಾಣ್ತು" ಎಂದರು ಅವರ ಹೆಂಡತಿ.

"ನಿನಗೆ ಹೇಳಿದ್ದೆನಲ್ಲ."

"ಹೇಳಿದ್ರಿ. ಯಾವ ಕಡೆ ಅಂತ ಮರೆತಿದ್ದೆ."

ಅವತ್ತು ಕೆಲಸಕ್ಕೆ ತಡವಾಗಿ ಹೋಗಿ ಅಕ್ಕ ಬೈಸಿಕೊಂಡರು. ಬೈಗುಳ ಕಿವಿಗೇ ಬೀಳಲಿಲ್ಲವಂತೆ. ಬೆರಳಿಗೆ ಹೋದ ಜೀವ ಬಂದಂತಿತ್ತಂತೆ. ಮಾರನೇ ವಾರ ಡಾಕ್ಟರ ಹೆಂಡತಿ ಗೇಟಿನಲ್ಲೇ ಕಾದಿದ್ದರು. ಇಪ್ಪತ್ತು ವರ್ಷದಲ್ಲಿ ಕೊಂಡು, ಒಂದು ಸಲ ಹಾಕಿ, ಸರಿಹೋಗದೆ ಬೀರುವಿನ ಪಾಲಾದ ತಮ್ಮ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಹರಡಿಟ್ಟಿದ್ದರು. ಒಂದೊಂದನ್ನೂ ಹಾಕಿಸಿ ನೋಡಿ ಅಕ್ಕ ಹೇಳಿದ್ದು ಒಂದೇ ಮಾತು: "ಅಮ್ಮಾ, ಇದಕ್ಕೆ ಅರ್ಧ ಇಂಚು ಸಾಕು. ಇದಕ್ಕೂ ಅರ್ಧ ಇಂಚು. ಅರ್ಧ ಇಂಚಿಗೋಸ್ಕರ ಯಾಕೆ ಇವನ್ನ ಕತ್ತಲಲ್ಲಿ ಕೂಡಿಹಾಕಿದೀರಿ?" ಅರ್ಧಿಂಚಕ್ಕ ಎಂಬ ಹೆಸರು ಬಿದ್ದದ್ದು ಅವತ್ತೇ, ಇಟ್ಟವರು ಡಾಕ್ಟರ ಹೆಂಡತಿಯೇ. ಶೆಡ್ಡಿನ ಯೋಚನೆಯೂ ಅವರದೇ.

"ಕಾರು ಮಾರಿ ಮೂರು ವರ್ಷ ಆಯ್ತು. ಶೆಡ್ಡಲ್ಲಿ ಬರೀ ಹಳೇ ಪೇಪರು, ಮುರಿದ ಕುರ್ಚಿ, ಇವರು ಎಸೆಯೋಕೆ ಬಿಡದ ಡಬ್ಬಗಳು. ನೀನು ಅಲ್ಲಿ ಬಂದು ಕೂತ್ಕೋ. ಅದನ್ನೆಲ್ಲ ಖಾಲಿ ಮಾಡಿಸೋಕೆ ನನಗೂ ಒಂದು ನೆಪ ಆಗುತ್ತೆ."

ಬಾಡಿಗೆ ಬೇಡವೆಂದು ಅವರು, ಕೊಡದೆ ಕೂರುವುದಿಲ್ಲವೆಂದು ಅಕ್ಕ, ಎರಡು ದಿನ ಹಗ್ಗ ಜಗ್ಗಿ ಕೊನೆಗೆ ಒಂದು ಚಿಕ್ಕ ಬಾಡಿಗೆಗೆ ಒಪ್ಪಿಕೊಂಡರು.

ಮನೆಯಲ್ಲಿದ್ದ ಹೊಲಿಗೆ ಮಿಷನ್ನನ್ನು ಇಲ್ಲಿಗೆ ತರಬೇಕಾಗಿತ್ತು. ಕಾಲಲ್ಲಿ ತುಳಿಯುವ ಹಳೇ ಮಿಷನ್ನು, ಕಬ್ಬಿಣದ ಕಾಲು, ಇಬ್ಬರು ಎತ್ತುವ ಭಾರ. ಗಂಡನಿಗೆ ಬಿಡುವಿದ್ದದ್ದು ಭಾನುವಾರ ಮಧ್ಯಾಹ್ನ ಮಾತ್ರ. ಅಂಗಡಿಬೀದಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು ಅದು. ಬಸ್ ಡಿಪೋದಿಂದ ತಳ್ಳುವ ಗಾಡಿ ಕೇಳಿ ತಂದು, ಅದರ ಮೇಲೆ ಮಿಷನ್ನು ನಿಲ್ಲಿಸಿ, ಹಾಸಿಗೆ ಬಟ್ಟೆ ಹೊದಿಸಿ ಕಟ್ಟಿ, ಗಂಡ ಮುಂದೆ ಎಳೆಯುತ್ತ, ಅಕ್ಕ ಮತ್ತು ಮಗಳು ಹಿಂದೆ ಹಿಡಿದುಕೊಳ್ಳುತ್ತ ಹೊರಟರು. ನಡುಬೀದಿಯಲ್ಲಿ ಟ್ರಾಫಿಕ್ ಪೊಲೀಸ್ ತಡೆದ.

"ಏನ್ರೀ ಇದು, ಈ ಜನದಲ್ಲಿ?"

"ಹೊಲಿಗೆ ಮಿಷನ್ನು ಸಾರ್. ನನಗಿಂತ ಮೊದಲಿಂದ ಇವಳ ಜೊತೆ ಇರೋದು. ಹಿರಿಯರು, ಅದಕ್ಕೆ ನಿಧಾನಕ್ಕೆ ಕರ್ಕೊಂಡು ಹೋಗ್ತಿದೀನಿ."

ಪೊಲೀಸ್ ನಗು ನುಂಗಿಕೊಂಡು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದ. ಆ ಬಸ್ಸಿನ ಡ್ರೈವರು ಗಂಡನ ಸ್ನೇಹಿತನೇ. ಗಾಡಿ ದಾಟುವವರೆಗೂ ಮದುವೆ ದಿಬ್ಬಣಕ್ಕೆ ಬಾರಿಸಿದ ಹಾಗೆ ಹಾರನ್ನು ಬಾರಿಸಿದನಂತೆ. ಮಗಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಕ್ಕನಿಗೆ ಮಾತ್ರ, ತಾನು ಹತ್ತೊಂಬತ್ತು ವರ್ಷ ಕೂತಿದ್ದ ಅಂಗಡಿಯ ಗಾಜಿನ ಮುಂದೆಯೇ ಹಾದುಹೋದದ್ದು ಗೊತ್ತಾಗಿದ್ದು ಹತ್ತು ಹೆಜ್ಜೆ ಮುಂದೆ ಬಂದ ಮೇಲೆ.

ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ಶೆಡ್ಡಿಗೆ ಬಿಳಿ ಸುಣ್ಣ, ಬಟ್ಟೆ ಬದಲಾಯಿಸಲು ಒಂದು ಮೂಲೆಗೆ ಪರದೆ, ಡಾಕ್ಟರ ಮನೆಯ ಆಳೆತ್ತರದ ಕನ್ನಡಿ. ಬಾಗಿಲು ತೆರೆದರೆ ನೇರ ಬೆಳಕು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಅಂಗಡಿಬೀದಿಯಿಂದಲೂ ಜನ ಚೀಲ ಹಿಡಿದು ಬರತೊಡಗಿದರು. ಆಗ ನಮ್ಮ ಬೀದಿಯ ನಿವಾಸಿಗಳ ಸಂಘ ಕಣ್ಣು ಬಿಟ್ಟಿತು.

ಸಂಘದ ಕಾರ್ಯದರ್ಶಿಗಳು ಎರಡನೇ ಮನೆಯವರು. ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜಮೀನು ಅಳೆದ ಜೀವ. ಕಾಫಿಗೆ ಸಕ್ಕರೆಯನ್ನೂ ಅಳೆದು ಸುರಿದು ಹಾಕಿಕೊಳ್ಳುತ್ತಾರೆ. ಸಭೆ ಅವರ ಮನೆಯ ಹಜಾರದಲ್ಲೇ ನಡೆಯಿತು. ಈ ಬೀದಿಯಲ್ಲಿ ಯಾವ ವ್ಯಾಪಾರವೂ ಕೂಡದು ಎಂಬ ನಾಲ್ಕನೇ ನಿಯಮವನ್ನು ಅವರು ಓದಿದರು. ಡಾಕ್ಟರು ಎದ್ದು ನಿಂತು ಅಕ್ಕನ ಪರವಾಗಿ ಎರಡು ಮಾತು ಹೇಳಿದರು. ಕೈ ಎತ್ತಿ ಎಂದಾಗ ಹದಿನಾಲ್ಕು ಮನೆಯಲ್ಲಿ ಹತ್ತು ಮನೆಯವರು ಶೆಡ್ಡು ಬೇಡವೆಂದು ಕೈ ಎತ್ತಿದರು. ಅದರಲ್ಲಿ ನನ್ನ ಕೈಯೂ ಒಂದು. ಇವತ್ತು ಒಂದು ಶೆಡ್ಡು, ನಾಳೆ ಹತ್ತು, ಆಮೇಲೆ ಆ ಕಡೆಯ ಗದ್ದಲವೆಲ್ಲ ಮೂಲೆ ತಿರುಗಿ ನಮ್ಮ ಮನೆಬಾಗಿಲಿಗೇ ಬಂದುಬಿಡುತ್ತದೆ ಎಂಬ ಅಳುಕು ನನಗೆ. ಅಕ್ಕನಿಗೆ ಒಂದು ತಿಂಗಳ ಗಡುವಿನ ಕಾಗದ ಹೋಯಿತು. ಡಾಕ್ಟರ ಹೆಂಡತಿ ನಮ್ಮನ್ನು ಕಂಡರೆ ಆಕಾಶ ನೋಡುತ್ತ ಹೋಗತೊಡಗಿದರು.

ಅಕ್ಕ ಅಳಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಕಾಗದ ಹಿಡಿದುಕೊಂಡು ನೇರ ಕಾರ್ಯದರ್ಶಿಗಳ ಮನೆ ಗಂಟೆ ಒತ್ತಿದರು.

"ಸಾರ್, ನಿಯಮ ಇದೆ ಅಂತ ಬರ್ದಿದೀರಿ. ಯಾಕಿದೆ ಅಂತ ಬರ್ದಿಲ್ಲ. ಎಲ್ಲಿ ಹಿಡಿತಾ ಇದೆ ಅಂತ ಗೊತ್ತಾದ್ರೆ ಅಲ್ಲಿ ಬಿಚ್ಚಬಹುದು."

ಕಾರ್ಯದರ್ಶಿಗಳು ಸ್ವಲ್ಪ ಯೋಚಿಸಿ ಬೆರಳು ಮಡಿಸಿದರು. "ಗಾಡಿಗಳು. ಗಲಾಟೆ. ಬೋರ್ಡು."

"ಬೋರ್ಡು ಹಾಕಿಲ್ಲ, ಹಾಕೋದೂ ಇಲ್ಲ. ಗಲಾಟೆ ಅಂದ್ರೆ ನನ್ನ ಮಿಷನ್ನಿನ ಸದ್ದು, ಅದು ನಿಮ್ಮ ಮನೆಗೆ ಕೇಳ್ಸುತ್ತಾ?"

"ಇಲ್ಲ."

"ಗಾಡಿ ಎಷ್ಟು ಬರುತ್ತೆ?"

"ಬರುತ್ತಲ್ಲ."

"ಎಷ್ಟು ಸಾರ್? ನೀವು ಅಳೆಯೋರು, ನಾನೂ ಅಳೆಯೋಳು. ಅಂದಾಜಲ್ಲಿ ಕತ್ತರಿ ಹಾಕಿದ್ರೆ ಬಟ್ಟೆ ಹಾಳಾಗುತ್ತೆ. ಒಂದು ವಾರ ಎಣಿಸಿ ನೋಡಿ. ಜಾಸ್ತಿ ಅಂತ ನಿಮಗನ್ಸಿದ್ರೆ ನಾನೇ ಮಿಷನ್ನು ಎತ್ಕೊಂಡು ಹೋಗ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕುತ್ತಿದ್ದರೇನೋ. ಎಣಿಸಿ ಎಂಬ ಮಾತಿಗೆ ಕಾರ್ಯದರ್ಶಿಗಳು ಇಲ್ಲವೆನ್ನುವಂತಿರಲಿಲ್ಲ. ಮಾರನೇ ಬೆಳಿಗ್ಗೆ ಗೇಟಿನ ಬಳಿ ಕುರ್ಚಿ, ಕೊಡೆ, ನೋಟುಬುಕ್ಕು, ಎರಡು ಬಣ್ಣದ ಪೆನ್ನು ಬಂದವು. ವಾರವಿಡೀ ಹತ್ತರಿಂದ ಐದರವರೆಗೆ ಕೂತರು. ಮಧ್ಯಾಹ್ನ ಊಟಕ್ಕೆ ಒಳಗೆ ಹೋಗುವಾಗ ಹೆಂಡತಿಯನ್ನು ಕೂರಿಸಿ ಹೋಗುತ್ತಿದ್ದರು, ಬಂದು ಆಕೆ ಬರೆದದ್ದನ್ನು ಪರೀಕ್ಷೆ ಮಾಡುತ್ತಿದ್ದರು. ಅಕ್ಕ ಎರಡನೇ ದಿನದಿಂದ ಅವರಿಗೆ ಚಹಾ ಕಳಿಸತೊಡಗಿದರು. ಲಂಚವಾಗುತ್ತದೆಂದು ಅವರು ಕುಡಿಯದೆ ವಾಪಸು ಕಳಿಸಿದರು.

ಮತ್ತೆ ಸಭೆ ಸೇರಿತು. ಕಾರ್ಯದರ್ಶಿಗಳು ಕನ್ನಡಕ ಏರಿಸಿ ಓದಿದರು. ಒಂದು ವಾರದಲ್ಲಿ ಶೆಡ್ಡಿಗೆ ಬಂದವರು ಮೂವತ್ತೊಂದು ಜನ. ನಡೆದು ಬಂದವರು ಇಪ್ಪತ್ತೊಂಬತ್ತು. ಸೈಕಲ್ಲು ಒಂದು. ಕಾರು ಒಂದು.

"ಆ ಕಾರು ಹೊರಗಿನದಲ್ಲ" ಎಂದು ಅವರು ನನ್ನ ಕಡೆ ನೋಡಿದರು. "ಐದನೇ ಮನೆಯದು. ಐದನೇ ಮನೆಯಿಂದ ಹನ್ನೊಂದನೇ ಮನೆಗೆ ಬಂದದ್ದು."

ಐದನೇ ಮನೆ ನಮ್ಮದು. ನನ್ನ ಹೆಂಡತಿ ಹಜಾರದ ಪರದೆಗಳನ್ನೆಲ್ಲ ಕಾರಿಗೆ ತುಂಬಿಕೊಂಡು ಹೋಗಿ ಗಿಡ್ಡ ಮಾಡಿಸಿದ್ದಳು. ನನಗೆ ಹೇಳಿರಲಿಲ್ಲ. ಪರದೆ ಗಿಡ್ಡವಾದದ್ದನ್ನು ನಾನು ಗಮನಿಸಿಯೂ ಇರಲಿಲ್ಲ. ಎಲ್ಲರೂ ನಕ್ಕರು, ನಾನೂ ನಗಬೇಕಾಯಿತು.

ಕಾರ್ಯದರ್ಶಿಗಳು ಓದುವುದನ್ನು ನಿಲ್ಲಿಸಲಿಲ್ಲ. ಅವರು ಬೀದಿಗೆ ಬಂದ ಎಲ್ಲ ಗಾಡಿಗಳನ್ನೂ ಬರೆದಿದ್ದರು. ಅದೇ ವಾರ ಆರನೇ ಮನೆಗೆ ಪಾರ್ಸೆಲ್ ತಂದ ಗಾಡಿಗಳು ಹತ್ತೊಂಬತ್ತು. ಎಂಟನೇ ಮನೆಗೆ ಹನ್ನೊಂದು. "ಎರಡನೇ ಮನೆಗೆ, ಅಂದ್ರೆ ನಮ್ಮ ಮನೆಗೆ, ಇಪ್ಪತ್ತಾರು. ನನ್ನ ಸೊಸೆ ತರಿಸಿದ್ದು. ಅದರಲ್ಲಿ ಒಂಬತ್ತು ವಾಪಸು ಹೋದವು, ಅಳತೆ ಸರಿಯಿಲ್ಲ ಅಂತ." ಪುಸ್ತಕ ಮುಚ್ಚಿದರು. "ಸರ್ವೆಲಿ ಒಂದು ಅಡಿ ಸುಳ್ಳು ಬರೆದ್ರೆ ಎರಡು ಮನೆಗೆ ತಲೆಮಾರಿನ ಜಗಳ. ನನಗೆ ಆ ಅಭ್ಯಾಸ ಇಲ್ಲ. ನನ್ನ ಕಾಗದ ನಾನು ವಾಪಸು ತಗೋತೀನಿ."

ಬೋರ್ಡು ಹಾಕಬಾರದು, ಐದರ ಮೇಲೆ ತೆರೆದಿರಬಾರದು, ಭಾನುವಾರ ಬಾಗಿಲು ಹಾಕಬೇಕು ಎಂಬ ಮೂರು ಮಾತಿನ ಮೇಲೆ ಶೆಡ್ಡು ಇರಲಿ ಎಂದಾಯಿತು. ಈ ಸಲ ಎಲ್ಲ ಕೈಗಳೂ ಎದ್ದವು. ಡಾಕ್ಟರ ಹೆಂಡತಿ ಎರಡು ಕೈ ಎತ್ತಿದ್ದರು. ಒಂದು ಮನೆಗೆ ಒಂದೇ ಎಂದು ಕಾರ್ಯದರ್ಶಿಗಳು ಒಂದನ್ನು ಇಳಿಸಿದರು. ಮಾರನೇ ದಿನ ಅವರು ಶೆಡ್ಡಿಗೆ ಹೋಗಿ, ಹಿಂದೆ ಕುಡಿಯದ ಚಹಾವನ್ನೆಲ್ಲ ಸೇರಿಸಿ ಒಂದು ಲೋಟ ಚಹಾ ಕುಡಿದು ಬಂದರು.

ಇದಾಗಿ ಒಂದು ವರ್ಷಕ್ಕೆ ನಾಲ್ಕು ಮಹಡಿಯ ಅಂಗಡಿಯ ಮ್ಯಾನೇಜರು ಹುಡುಕಿಕೊಂಡು ಬಂದರು. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ನೆಲಮಾಳಿಗೆಗೆ ಇಳಿದವರಲ್ಲ ಅವರು. ಶೆಡ್ಡಿನ ಬಾಗಿಲಲ್ಲಿ ನಿಂತು, ಕಾರ್ಖಾನೆಯ ಕೆಲಸ ಗಿರಾಕಿಗಳಿಗೆ ಹಿಡಿಸುತ್ತಿಲ್ಲ, ಹಳೇ ವಿಭಾಗ ಮತ್ತೆ ಶುರುಮಾಡುತ್ತೇವೆ, ನೀವು ಬಂದು ಅದರ ಮುಖ್ಯಸ್ಥರಾಗಿ ಎಂದರು. ಅಕ್ಕ ಈ ಸಲ ತಾವು ಅವರಿಗೆ ಕುರ್ಚಿ ಕೊಟ್ಟರು.

"ಎಲ್ಲಿ ಸಾರ್, ಮೇಲಾ ಕೆಳಗಾ?"

"ಕೆಳಗೇ. ಬಣ್ಣ ಹೊಡೆಸಿದೀವಿ."

ಅಕ್ಕ ತಕ್ಷಣ ಇಲ್ಲವೆನ್ನಲಿಲ್ಲ. ಒಂದು ದಿನದ ಸಮಯ ಕೇಳಿಕೊಂಡರು. ಆ ಸಂಜೆ ಮನೆಯಲ್ಲಿ ಮಾತಾಯಿತು. ಗಂಡ, "ಅಲ್ಲಿ ನೀನು ದೊಡ್ಡ ಮನುಷ್ಯಳಾಗ್ತೀಯ, ಯೋಚನೆ ಮಾಡು" ಎಂದರು. ಮಗಳು, "ಅಲ್ಲಿದ್ದಾಗ ನೀನು ದಿನಾ ಬಂದು ಚೀಟಿಗಳ ಸುದ್ದಿ ಹೇಳ್ತಿದ್ದೆ. ಈಗ ಜನರ ಸುದ್ದಿ ಹೇಳ್ತೀಯ. ನನಗೆ ಇದೇ ಇಷ್ಟ" ಎಂದಳು. ಬೆಳಿಗ್ಗೆ ಅಕ್ಕ ಅಂಗಡಿಗೆ ಹೋಗಿ ಆ ಕೋಣೆಯನ್ನು ನೋಡಿಬಂದರು. ನಿಜಕ್ಕೂ ಬಣ್ಣ ಹೊಡೆಸಿದ್ದರು. ಪುಟ್ಟ ಲಿಫ್ಟಿನ ಗಂಟೆ ಅದೇ ಇತ್ತು.

"ಸಾರ್, ನನ್ನ ಕಣ್ಣು ಬಿಸಿಲಿಗೆ ಒಗ್ಗಿಬಿಟ್ಟಿದೆ" ಎಂದು ಮ್ಯಾನೇಜರಿಗೆ ಹೇಳಿದರು. "ಹೊಲಿದಿದ್ದನ್ನ ಹಾಕ್ಕೊಂಡು ಕನ್ನಡಿ ಮುಂದೆ ನಿಂತಾಗ ಮುಖ ಹೇಗಾಗುತ್ತೆ ಅಂತ ನೋಡೋ ಚಟ ಹಿಡಿದಿದೆ. ಇನ್ನು ಬಿಡಕ್ಕಾಗಲ್ಲ. ಆದ್ರೆ ನಿಮಗೆ ಕಾಜಣ್ಣ ಬೇಕು. ಮನೇಲಿ ಕೂತು ಸೊಸೆ ಹತ್ರ ಬೈಸ್ಕೊಳ್ತಿದಾರೆ. ಅವರನ್ನ ಮುಖ್ಯಸ್ಥರು ಅಂತ ಕರೀರಿ, ಎರಡು ಆಳಿನ ಕೆಲಸ ಮಾಡ್ತಾರೆ."

ಕಾಜಣ್ಣ ಮತ್ತೆ ಅಂಗಡಿಗೆ ಹೋದರು. ಈಗ ಗಿರಾಕಿಗಳ ಮೆಟ್ಟಿಲಲ್ಲೇ ಹತ್ತಿ ಇಳಿಯುತ್ತಾರಂತೆ. ಕಷ್ಟದ ಕೋಟು ಬಂದರೆ ಮಧ್ಯಾಹ್ನ ಅದನ್ನು ಹೆಗಲ ಮೇಲೆ ಹಾಕಿಕೊಂಡು ಶೆಡ್ಡಿಗೇ ಬಂದುಬಿಡುತ್ತಾರೆ. ಇಬ್ಬರೂ ಕಾಲರು ಬಿಚ್ಚಿ ಗಂಟೆಗಟ್ಟಲೆ ಅದರ ಒಳಗನ್ನು ನೋಡುತ್ತ, ಇದನ್ನು ಹೊಲಿದವರ ಬುದ್ಧಿಯನ್ನು ಆಡಿಕೊಳ್ಳುತ್ತ ಕೂರುತ್ತಾರೆ.

ಮಗಳು ಓದು ಮುಗಿಸಿ ಆಸ್ಪತ್ರೆ ಸೇರಿದ್ದಾಳೆ. ಅಕ್ಕನ ಗಂಡನನ್ನು ಬೀದಿಯವರೆಲ್ಲ ಭಾವ ಎನ್ನುತ್ತೇವೆ. ಆಕೆ ಅಕ್ಕನಾದ ಮೇಲೆ ಆತ ಭಾವನಾಗದೆ ಇನ್ನೇನಾಗಬೇಕು? ಬೆಳಗಿನ ಪಾಳಿ ಇದ್ದ ದಿನ ಭಾವ ನಾಲ್ಕೂವರೆಗೇ ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದು ಶೆಡ್ಡಿನ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ.

ಡಾಕ್ಟರ ಹೆಂಡತಿಗೆ ಪತ್ತೇದಾರಿ ಕಾದಂಬರಿಗಳ ಹುಚ್ಚು. ಮಧ್ಯಾಹ್ನ ಮೂರರ ಮೇಲೆ ಗಿರಾಕಿ ಕಡಿಮೆ. ಆಗ ಅವರು ಪುಸ್ತಕ ಹಿಡಿದು ಶೆಡ್ಡಿಗೆ ಬಂದು ಗಟ್ಟಿಯಾಗಿ ಓದುತ್ತಾರೆ, ಅಕ್ಕ ಹೊಲಿಗೆ ಬಿಚ್ಚುತ್ತ ಕೇಳುತ್ತಾರೆ. ಮೊನ್ನೆ ನಾನು ಅಂಗಿಯ ತೋಳು ಗಿಡ್ಡ ಮಾಡಿಸಲು ಹೋದಾಗ ಐದಾಗಲು ಎರಡು ನಿಮಿಷವಿತ್ತು. ಕಾರ್ಯದರ್ಶಿಗಳು ತಮ್ಮ ಗೇಟಿನಲ್ಲಿ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಅಕ್ಕ ಮಿಷನ್ನಿಗೆ ಬಟ್ಟೆ ಹೊದಿಸಿ, ಕತ್ತರಿ ಒಳಗಿಟ್ಟು, "ರೀ, ಏಳಿ, ಹೋಗೋಣ" ಎಂದರು.

ಭಾವ ಏಳಲಿಲ್ಲ. ಡಾಕ್ಟರ ಹೆಂಡತಿಯ ಕಡೆ ತಿರುಗಿ, "ಅಮ್ಮಾ, ಇನ್ನೆರಡು ಪುಟ ಇದೆ ಅಷ್ಟೇ ಅಲ್ವಾ? ಕೊಂದಿದ್ದು ಯಾರು ಅಂತ ಗೊತ್ತಾಗದೆ ನಾನು ನಾಳೆ ಬಸ್ಸು ಹೇಗೆ ಓಡಿಸ್ಲಿ?" ಎಂದರು.

"ಐದಾಯ್ತಲ್ಲಪ್ಪ" ಎಂದು ಅವರು ಎರಡನೇ ಮನೆಯ ಕಡೆ ಕಣ್ಣು ಹಾಯಿಸಿದರು.

"ಶೆಡ್ಡು ಮುಚ್ಚಬೇಕು ಅಂತ ತಾನೇ ಇರೋದು? ಬೆಂಚು ಮುಚ್ಚಬೇಕು ಅಂತ ಇಲ್ವಲ್ಲ."

ಅಕ್ಕ ಶೆಡ್ಡಿನ ಬಾಗಿಲು ಎಳೆದು ಬೀಗ ಹಾಕಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಪಕ್ಕ ಬೆಂಚಿನ ಮೇಲೆ ಕೂತರು. ನನಗೂ ಸ್ವಲ್ಪ ಜಾಗ ಬಿಟ್ಟರು. ಡಾಕ್ಟರ ಹೆಂಡತಿ ಹಾಳೆ ತಿರುಗಿಸಿ ಓದತೊಡಗಿದರು.